ಅಟ್ಟ ಸೇರಿದ ಮೊದಲ ಪುಸ್ತಕ

'ಅಲಿಫ್ ಜಬರ್ ಅ, ಅಲಿಫ್ ಜೇರ್ ಇ, ಅಲಿಫ್ ಪೇಶ್ ಉ.' ಮಸೀದಿಯ ಜಗಲಿಯಲ್ಲೋ, ನೆರೆಮನೆಯಲ್ಲಿ ಓದಿಸುತ್ತಿದ್ದ ಹಿರಿಯ ಹೆಂಗಸಿನ ಮುಂದೆಯೋ ಕುಳಿತು, ಮೈ ತೂಗುತ್ತಾ ಇದನ್ನು ರಾಗವಾಗಿ ಹೇಳಿದ ನೆನಪು ನಮ್ಮಲ್ಲಿ ಅನೇಕರಿಗಿದೆ. ರಾಗ ಮರೆತಿಲ್ಲ. ಆದರೆ ಅಂದು ಮುಂದಿದ್ದ ಆ ತೆಳ್ಳನೆಯ ಪುಸ್ತಕ ಎಲ್ಲಿ ಹೋಯಿತು? ಅಜ್ಜನ ಕಾಲದ ಕುರ್‌ಆನ್ ಪ್ರತಿಯನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಕಾಪಾಡಿಕೊಂಡು ಬಂದ ಮನೆಗಳಲ್ಲೂ ಅದನ್ನು ಓದಲು ಕಲಿಸಿದ 'ಬಗ್ದಾದಿ ಖಾಯಿದಾ' ಸಿಗುವುದು ಅಪರೂಪ.

ಹೆಸರಿನಲ್ಲಿ ಬಗ್ದಾದ್ ಇದ್ದರೂ ನಮ್ಮ ನಾಡಿಗೆ ಈ ಪುಸ್ತಕವನ್ನು ತಲುಪಿಸಿದ್ದು ಲಕ್ನೋ, ಕಾನ್ಪುರ, ಲಾಹೋರ್, ಮುಂಬಯಿ ಮುಂತಾದ ಊರುಗಳ ಕಲ್ಲಚ್ಚು. ಮೊಳೆ ಅಚ್ಚಿನಲ್ಲಿ ಅರಬಿಯನ್ನು ಕೂರಿಸುವುದು ಸುಲಭವಿರಲಿಲ್ಲ. ಪದದ ಆದಿ, ಮಧ್ಯ, ಅಂತ್ಯದಲ್ಲಿ ಅಕ್ಷರದ ರೂಪವೇ ಬದಲಾಗುತ್ತದೆ. ಮೇಲೆ ಕೆಳಗೆ ಸ್ವರಚಿಹ್ನೆಗಳು ಬೇರೆ. ಚಿಹ್ನೆ ಒಂದಿಷ್ಟು ಸರಿದರೂ ಎಳೆಯ ಓದುಗ ತಪ್ಪು ಓದುತ್ತಾನೆ. ತನ್ನ ನಾಟಕಗಳನ್ನು ಅಗ್ಗವಾಗಿ ಮುದ್ರಿಸಿಕೊಳ್ಳಲು ದಾರಿ ಹುಡುಕುತ್ತಿದ್ದ ಜರ್ಮನಿಯ ಸೆನೆಫೆಲ್ಡರ್ 1796ರ ಸುಮಾರಿಗೆ ಕಂಡುಹಿಡಿದ ಕಲ್ಲಚ್ಚು ಈ ತೊಡಕನ್ನು ಬಿಡಿಸಿತು. ಕಾತಿಬ್ ಜಿಡ್ಡಿನ ಮಸಿಯಲ್ಲಿ ಹಾಳೆಯ ಮೇಲೆ ಬರೆಯುತ್ತಾನೆ. ಆ ಬರಹವನ್ನು ಸುಣ್ಣಕಲ್ಲಿನ ಮೇಲೆ ಇಳಿಸಿ, ಕಲ್ಲನ್ನು ಒದ್ದೆ ಮಾಡಿ ಮಸಿ ಉರುಳಿಸಿದರೆ ಜಿಡ್ಡಿರುವಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಕೈಬರಹದ ಚೆಲುವು ಕೆಡದೆ ಸಾವಿರಾರು ಪ್ರತಿಗಳು ಸಿದ್ಧ. ಭಾರತಕ್ಕೆ ಈ ವಿದ್ಯೆ ಬಂದದ್ದು 1820ರ ದಶಕದಲ್ಲಿ. 1858ರಲ್ಲಿ ಲಕ್ನೋದಲ್ಲಿ ಮುದ್ರಣಾಲಯ ತೆರೆದು ಕುರ್‌ಆನ್‌ ಪ್ರತಿಗಳನ್ನು ಬಡವರ ಕೈಗೂ ಎಟುಕಿಸಿದವರು ಮುನ್ಶಿ ನವಲ್ ಕಿಶೋರ್ ಎಂಬ ಹಿಂದೂ ಮಹನೀಯರು ಎಂಬುದನ್ನು ನಾವಿಂದು ಮರೆತೇಬಿಟ್ಟಿದ್ದೇವೆ.

ಜಬರ್, ಜೇರ್, ಪೇಶ್ ಅರಬಿ ಪದಗಳಲ್ಲ. ಮೇಲೆ, ಕೆಳಗೆ, ಮುಂದೆ ಎಂಬರ್ಥದ ಪಾರ್ಸಿ ಪದಗಳು. ಅರಬಿ ಕಲಿಯುವ ಮಗು ಅರಿವಿಲ್ಲದೆಯೇ ಪಾರ್ಸಿಯಲ್ಲಿ ಕಾಗುಣಿತ ಹೇಳುತ್ತಿತ್ತು! ದೂರದ ಜಾವಾ ದ್ವೀಪದ ಹಳೆಯ ತಲೆಮಾರಿನವರೂ 'ಜಬರ್, ಜೆರ್, ಪೆಸ್' ಎಂದೇ ಕಲಿತವರು. ನಮ್ಮ ಕರಾವಳಿಯ ಬ್ಯಾರಿ ಮಕ್ಕಳ ಕಥೆ ಬೇರೆ. ಅವರು ಮಲಬಾರಿನ ಕ್ರಮದಂತೆ ಫತಹ್, ಕಸ್ರ್, ಳಮ್ಮ್ ಎನ್ನುತ್ತಿದ್ದರು. ಅವರ ಮದ್ರಸಗಳಲ್ಲಿ ಅರಬಿ-ಮಲಯಾಳಂ ಪಠ್ಯಗಳು ದೀರ್ಘಕಾಲ ನಡೆದವು. ಹೀಗಾಗಿ ಬೀದರಿನ ಮಗುವೂ ಉಳ್ಳಾಲದ ಮಗುವೂ ಓದುತ್ತಿದ್ದ ಗ್ರಂಥ ಒಂದೇ ಆದರೂ ಅದಕ್ಕೆ ಹತ್ತುವ ಮೆಟ್ಟಿಲು ಬೇರೆಯಾಗಿತ್ತು.

ಬಗ್ದಾದಿ ಖಾಯಿದಾದ ನಂತರ ಇನ್ನೂ ಸುಲಭದ ಪುಸ್ತಕಗಳು ಬಂದವು. ಲುಧಿಯಾನದ ಮೌಲಾನಾ ನೂರ್ ಮುಹಮ್ಮದ್‌ರ 'ನೂರಾನಿ ಖಾಯಿದಾ' ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಖಾದಿಯಾನ್‌ನ ಪೀರ್ ಮನ್ಝೂರ್ ಮುಹಮ್ಮದ್ ರೂಪಿಸಿದ 'ಯಸ್ಸರ್ನಲ್ ಕುರ್‌ಆನ್' ಅಕ್ಷರಗಳನ್ನು ಬಿಡಿಬಿಡಿಯಾಗಿ, ಚಿಹ್ನೆಗಳನ್ನು ಸರಿಯಾದ ಜಾಗದಲ್ಲಿಟ್ಟು ಬರೆದ ಕಾರಣಕ್ಕೆ ಮೆಚ್ಚುಗೆ ಪಡೆಯಿತು. ಅಹ್ಮದಿಯಾ ವಿಚಾರದಲ್ಲಿ ಮುಸ್ಲಿಮ್ ಸಮಾಜದ ನಿಲುವು ಗೊತ್ತಿರುವಂಥದ್ದೇ. ಆದರೂ ಅದು ಎಲ್ಲಿಂದ ಬಂತೆಂದು ಕೇಳದೆಯೇ ಎಷ್ಟೋ ಸುನ್ನಿ ಮನೆಗಳು ಅದರಿಂದ ಕಲಿತವು.

ಅರ್ಥ ತಿಳಿಯದೆ ಬರೀ ಉಚ್ಚರಿಸುವ ಈ ಕಲಿಕೆಯಿಂದ ಏನು ಬಂತು ಎಂಬ ಪ್ರಶ್ನೆಯಿದೆ. ಅದರಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಆದರೆ ಇದೇ ಅಕ್ಷರಗಳ ಬಲದಿಂದ ಶಾಲೆಯ ಮೆಟ್ಟಿಲು ಹತ್ತದ ಮಾಪಿಳ್ಳ ಮಹಿಳೆಯರು 1607ರಲ್ಲಿ ರಚನೆಯಾದ 'ಮುಹ್ಯಿದ್ದೀನ್ ಮಾಲೆ'ಯನ್ನು ಅರಬಿ-ಮಲಯಾಳಂನಲ್ಲಿ ಓದಿದರು. ಬಯಲುಸೀಮೆಯ ಮನೆಗಳಲ್ಲಿ ಖಾಯಿದಾದಿಂದ ಉರ್ದುವಿಗೆ ದಾಟಿದವರಿದ್ದರು. 1911ರ ಜನಗಣತಿಯು ಗೆಳೆಯನಿಗೆ ಪತ್ರ ಬರೆದು ಅವನ ಉತ್ತರವನ್ನು ಓದಬಲ್ಲವರನ್ನು ಮಾತ್ರ ಅಕ್ಷರಸ್ಥರೆಂದಿತು. ಖಾಯಿದಾ ಓದಿಸುತ್ತಿತ್ತು, ಬರೆಸುತ್ತಿರಲಿಲ್ಲ. ಮೂವತ್ತು ಕಾಂಡಗಳನ್ನು ಓದಿ ಮುಗಿಸಿ, ಬೀದಿಯ ಮಕ್ಕಳಿಗೆಲ್ಲ ಓದಿಸಿದ ನಮ್ಮ ಅಜ್ಜಿಯಂದಿರು ಆ ಲೆಕ್ಕದಲ್ಲಿ ನಿರಕ್ಷರಿಗಳು.

ಅವರ ಪುಸ್ತಕಗಳೂ ಉಳಿಯಲಿಲ್ಲ. ಅಗ್ಗದ ಕಾಗದ, ಮಕ್ಕಳ ಕೈ, ಒಬ್ಬರಿಂದ ತಮ್ಮನಿಗೆ, ತಂಗಿಗೆ. ಹರಿದ ಹಾಳೆ ಕಾಲಿಗೆ ತಾಗಬಾರದೆಂದು ಅಟ್ಟಕ್ಕೇರಿಸಿ, ಕೊನೆಗೆ ಗೌರವದಿಂದ ಮಣ್ಣಿಗೋ ಹರಿಯುವ ನೀರಿಗೋ ಒಪ್ಪಿಸುವುದು ರೂಢಿ. 1867ರ ಕಾಯ್ದೆಯಂತೆ ಮುದ್ರಕರು ಪ್ರತಿ ಪುಸ್ತಕವನ್ನೂ ಸರಕಾರಕ್ಕೆ ಒಪ್ಪಿಸಬೇಕಿತ್ತು. ಪುಟವೆಷ್ಟು, ಪ್ರತಿಯೆಷ್ಟು, ಬೆಲೆಯೆಷ್ಟು, ಕಲ್ಲಚ್ಚೋ ಮೊಳೆ ಅಚ್ಚೋ ಎಂಬುದನ್ನೆಲ್ಲ ಸರಕಾರಿ ಪಟ್ಟಿಗಳಲ್ಲಿ ದಾಖಲಿಸಲಾಗುತ್ತಿತ್ತು. ನಮ್ಮ ಮೊದಲ ಪುಸ್ತಕದ ಜಾತಕ ಹುಡುಕಲು ಇಂದು ಆಂಗ್ಲರ ಆ ಪಟ್ಟಿಗಳನ್ನೇ ತಿರುವಬೇಕಾಗಿದೆ. ನಿಮ್ಮ ಮನೆಯ ಅಟ್ಟದಲ್ಲೋ ಮಸೀದಿಯ ಕಪಾಟಿನಲ್ಲೋ ಅಂಥದ್ದೊಂದು ಸಿಕ್ಕರೆ, ಮಣ್ಣಿಗೆ ಒಪ್ಪಿಸುವ ಮುನ್ನ ಮೊದಲ ಮತ್ತು ಕೊನೆಯ ಪುಟ ನೋಡಿ. ಮುದ್ರಣಾಲಯದ ಹೆಸರೂ ಇಸವಿಯೂ ಅಲ್ಲಿರಬಹುದು.