ಬೆಂಕಿಗೆ ಸೋಲದ ವಿಷ

ಏಡಿಗೆ ನಮ್ಮ ಸೀಮೆಯಲ್ಲಿ ಹೆಸರಿನ ಬರವಿಲ್ಲ. ಕ್ಯಾಸಂಬಳ್ಳಿಯಿಂದ ಬಂಗಾರಪೇಟೆಗೆ ಹೋಗಿ ಬರುವಷ್ಟರಲ್ಲಿ ಕನ್ನಡದವರ ಬಾಯಲ್ಲಿ ಏಡಿ, ನಳ್ಳಿ ಎಂದೂ, ತೆಲುಗಿನವರ ಬಾಯಲ್ಲಿ ಎಂಡ್ರಕಾಯ ಎಂದೂ, ಚಿನ್ನದ ಗಣಿಯ ತಮಿಳರ ಬಾಯಲ್ಲಿ ನಂಡು ಎಂದೂ ಕೇಳಬಹುದು. ಏಡಿಗೂ ಎಂಡ್ರಕಾಯಿಗೂ ಇರುವ ನಂಟು ಕಿವಿಗೇ ತಿಳಿಯುತ್ತದೆ. ಸಂಸ್ಕೃತದ ಕರ್ಕಟಕವೊಂದು ಮಾತ್ರ ರಾಶಿಚಕ್ರವನ್ನೇರಿ ಕುಳಿತಿತೇ ಹೊರತು ನಮ್ಮ ಅಡುಗೆಮನೆಗೆ ಇಳಿಯಲಿಲ್ಲ.

ಕೆರೆಯ ಏಡಿಯನ್ನು ಕೊಳ್ಳುವವರ ಶಾಸ್ತ್ರ ಚಿಕ್ಕದು. ಅದು ಜೀವಂತವಾಗಿರಬೇಕು, ಮುಟ್ಟಿದರೆ ಕೊಂಡಿಯೆತ್ತಬೇಕು. ಸತ್ತದ್ದನ್ನು ಬಿಟ್ಟಿಯಾಗಿ ಕೊಟ್ಟರೂ ತರಬಾರದು, ಏಕೆಂದರೆ ಸತ್ತ ಏಡಿಯ ಮಾಂಸ ಬಹುಬೇಗ ಕೆಡುತ್ತದೆ. ಸಣ್ಣ ಕಾಲುಗಳನ್ನು ಒರಳಿನಲ್ಲಿ ಜಜ್ಜಿ, ಹಿಂಡಿ, ಸೋಸಿದ ರಸವನ್ನು ಸಾರಿಗೆ ಬೆರೆಸಿ ಚೆನ್ನಾಗಿ ಕುದಿಸುವುದು ರೂಢಿ. ಈ ಕುದಿಸುವಿಕೆ ರುಚಿಗಾಗಿ ಮಾತ್ರವಲ್ಲ. ಹಸಿಯಾದ ಅಥವಾ ಅರೆಬೆಂದ ಸಿಹಿನೀರಿನ ಏಡಿಯಿಂದ ಶ್ವಾಸಕೋಶವನ್ನು ಹೊಗುವ ಒಂದು ಹುಳುವುಂಟು. ಕಫದಲ್ಲಿ ರಕ್ತ ಬೀಳುವುದರಿಂದ ಅದನ್ನು ಕ್ಷಯವೆಂದೇ ಭ್ರಮಿಸುವುದುಂಟು. ಮಣಿಪುರದಲ್ಲಿ ಈ ರೋಗ 1980ರ ದಶಕದ ಆರಂಭದಲ್ಲಿ ವೈದ್ಯರ ಗಮನಕ್ಕೆ ಬಂತು. ಒರಳನ್ನೂ ಕೈಯನ್ನೂ ತೊಳೆದು, ಸಾರನ್ನು ಕೊತಕೊತ ಕುದಿಸುವವರಿಗೆ ಆ ಹುಳುವಿನ ಭಯವಿಲ್ಲ. ಕಣ್ಣು, ಮೂಗು, ಬೆಂಕಿ, ಈ ಮೂವರನ್ನು ಕಾವಲಿಗಿಟ್ಟ ನಮ್ಮ ಅಜ್ಜಿಯರ ಲೆಕ್ಕ ಕೆರೆಯ ಮಟ್ಟಿಗೆ ಸರಿಯಾಗಿಯೇ ಇತ್ತು.

ಕೆರೆಯ ನೀರಾದರೋ ಕೆರೆಯಲ್ಲಿಯೇ ನಿಲ್ಲುವುದಿಲ್ಲ. ಬೇತಮಂಗಲದ ಕೆರೆಯನ್ನು ತುಂಬುವ ಪಾಲಾರ್ ನಮ್ಮ ಜಿಲ್ಲೆಯನ್ನು ದಾಟಿ, ಆಂಧ್ರವನ್ನು ಹಾದು, ತಮಿಳುನಾಡಿನ ವಯಲೂರಿನ ಬಳಿ ಕಡಲನ್ನು ಸೇರುತ್ತದೆ. ನೀರಿರುವ ವರ್ಷ ಸೇರುತ್ತದೆ ಎನ್ನಬೇಕು. ಆ ವಯಲೂರಿನಲ್ಲಿ 1981ರಲ್ಲಿ ಚಿಪ್ಪುಮೀನನ್ನು ಬೇಯಿಸಿ ಉಂಡವರಲ್ಲಿ 85 ಮಂದಿ ಆಸ್ಪತ್ರೆ ಸೇರಿದರು, ಮೂವರು ಸತ್ತರು.

ಎರಡು ವರ್ಷ ಕಳೆದು, 1983ರಲ್ಲಿ, ಅದೇ ಕೇಡು ಪಡುವಣ ಕಡಲಿನಲ್ಲಿ ಕಾಣಿಸಿಕೊಂಡಿತು. ಅದೂ ಕನ್ನಡದ ನೆಲದಲ್ಲಿ. ಯಕ್ಷಗಾನದ ಪಾರ್ತಿಸುಬ್ಬನ ಹೆಸರಿನೊಡನೆ ನಾವೆಲ್ಲ ಕೇಳಿ ಬಲ್ಲ ಕುಂಬಳೆ ಮಂಗಳೂರಿನ ತೆಂಕಣಕ್ಕಿದೆ. ಕಾಸರಗೋಡು ಆಗಿನ್ನೂ ಬೇರೆ ಜಿಲ್ಲೆಯಾಗಿರಲಿಲ್ಲ, ಅದಾದದ್ದು 1984ರಲ್ಲಿ. ಕುಂಬಳೆಯ ಅಳಿವೆಯಲ್ಲಿ ಸಿಗುವ ಚಿಪ್ಪುಮೀನಿಗೆ ತುಳುವರು ಮರುವಾಯಿ ಎನ್ನುತ್ತಾರೆ. ತೆಂಗಿನಕಾಯಿ ಹಾಕಿ ಸುಕ್ಕ ಮಾಡುತ್ತಾರೆ, ಅಕ್ಕಿಯ ಪುಂಡಿಯೊಡನೆ ಬೇಯಿಸುತ್ತಾರೆ. ಬಡವರ ಮನೆಗೆ ಬಲೆ ದೋಣಿಗಳ ಹಂಗಿಲ್ಲದೆ ದೊರಕುವ ಊಟ ಅದು. ಕುಂಬಳೆಯ ಬಳಿಯ ಆರಿಕ್ಕಾಡಿಯಲ್ಲಿ ಇದನ್ನುಂಡ ಹಲವರು ಆಸ್ಪತ್ರೆಗೆ ಹೋಗಬೇಕಾಯಿತು. ಒಬ್ಬ ಹುಡುಗ ಬದುಕಲಿಲ್ಲ.

ಕರಾವಳಿಯವರಿಗೂ ಮರುವಾಯಿಯನ್ನು ಆರಿಸುವ ಶಾಸ್ತ್ರವುಂಟು. ಬಾಯಿ ತೆರೆದದ್ದನ್ನು ತಟ್ಟಿದರೆ ಮುಚ್ಚಿಕೊಳ್ಳಬೇಕು, ಮುಚ್ಚದಿದ್ದರೆ ಸತ್ತದ್ದು. ಬೆಂದ ಮೇಲೆ ಬಾಯಿ ಬಿಡದಿದ್ದರೆ ಎಸೆಯಬೇಕು. ಒಳ್ಳೆಯ ಶಾಸ್ತ್ರವೇ. ಆದರೆ ಈ ವಿಷವನ್ನು ಹೊತ್ತ ಮರುವಾಯಿ ಬದುಕಿರುತ್ತದೆ, ದುಂಡಗಿರುತ್ತದೆ, ತಟ್ಟಿದರೆ ಬಾಯಿ ಮುಚ್ಚುತ್ತದೆ, ಬೇಯಿಸಿದರೆ ತೆರೆಯುತ್ತದೆ. ಬರಿಗಣ್ಣಿಗೆ ಕಾಣದ ಒಂದು ಬಗೆಯ ಏಕಕೋಶ ಜೀವಿಗಳು ನೀರಿನಲ್ಲಿ ಹೆಚ್ಚಿದಾಗ, ನೀರನ್ನು ಸೋಸಿ ಬದುಕುವ ಚಿಪ್ಪುಮೀನು ಅವುಗಳ ವಿಷವನ್ನು ಮೈಯಲ್ಲಿ ಕೂಡಿಹಾಕಿಕೊಳ್ಳುತ್ತದೆ, ತಾನು ಸಾಯುವುದಿಲ್ಲ. ಆ ವಿಷಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಕುದಿಯುವ ನೀರಿನ ಹೆದರಿಕೆಯಿಲ್ಲ. ಕಣ್ಣು, ಮೂಗು, ಬೆಂಕಿ ಮೂರೂ ಇಲ್ಲಿ ಸೋತವು. ಅಡುಗೆ ಮಾಡಿದವರನ್ನು ದೂರುವಂತಿಲ್ಲ.

ಈ ವಿಷದ ಚರಿತ್ರೆ ಹಳೆಯದು. 1793ರ ಜೂನ್ ತಿಂಗಳಲ್ಲಿ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನಾವಿಕ ವ್ಯಾಂಕೂವರನ ತಂಡದವರು ಚಿಪ್ಪುಮೀನು ತಿಂದಾಗ ಜಾನ್ ಕಾರ್ಟರ್ ಎಂಬವನು ಕೆಲವೇ ಗಂಟೆಗಳಲ್ಲಿ ತೀರಿಕೊಂಡ. ಇಂಗ್ಲಿಷಿನವರಲ್ಲಿ ಒಂದು ನಂಬಿಕೆಯುಂಟು: ತಿಂಗಳ ಹೆಸರಿನಲ್ಲಿ ‘ಆರ್’ ಅಕ್ಷರವಿಲ್ಲದಿದ್ದರೆ, ಎಂದರೆ ಮೇ ತಿಂಗಳಿಂದ ಆಗಸ್ಟಿನವರೆಗೆ, ಚಿಪ್ಪುಮೀನು ತಿನ್ನಬಾರದು ಎಂದು. ಕಾರ್ಟರನ ಮಟ್ಟಿಗೆ ಅದು ಸರಿಹೋಯಿತು. ಆದರೆ ಕೇರಳದ ವಿಳಿಂಜಂನಲ್ಲಿ 1997ರಲ್ಲಿ 500ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿ ಏಳು ಮಂದಿ ಸತ್ತದ್ದು ಸೆಪ್ಟೆಂಬರಿನಲ್ಲಿ. ಅದರಲ್ಲಿ ‘ಆರ್’ ಇದೆ! ಅವರ ಕಡಲಿನ ಕಾಗುಣಿತ ನಮ್ಮ ಕಡಲಿಗೆ ತಿಳಿಯದು.

ಸ್ಯಾನ್ ಫ್ರಾನ್ಸಿಸ್ಕೋದ ಸುತ್ತ 1927ರಲ್ಲಿ 102 ಜನ ಹಾಸಿಗೆ ಹಿಡಿದು ಆರು ಮಂದಿ ಸತ್ತ ಮೇಲೆ, ಸಾಮರ್ ಮತ್ತು ಮೇಯರ್ ಎಂಬ ವಿದ್ವಾಂಸರು ಹತ್ತು ವರ್ಷ ದುಡಿದು ವಿಷದ ಮೂಲ ನೀರಿನ ಸೂಕ್ಷ್ಮಜೀವಿಯೆಂದು ತೋರಿಸಿಕೊಟ್ಟರು. ವಿಷವನ್ನು ಅಳೆಯಲು ಅವರಿಗೆ ಸಿಕ್ಕ ತಕ್ಕಡಿ ಇಲಿ: 20 ಗ್ರಾಂ ತೂಕದ ಒಂದು ಇಲಿಯನ್ನು 15 ನಿಮಿಷದಲ್ಲಿ ಕೊಲ್ಲುವಷ್ಟು ವಿಷವೇ ಒಂದು ಮಾನ. ಕ್ಯಾಲಿಫೋರ್ನಿಯಾದಲ್ಲಿ ಮೇ ತಿಂಗಳಿಂದ ಅಕ್ಟೋಬರ್ ಕೊನೆಯವರೆಗೆ ಕಡಲದಂಡೆಯ ನೀಲಿಚಿಪ್ಪುಗಳನ್ನು ಆಯ್ದು ತಿನ್ನಬಾರದೆಂದು ಸರಕಾರವೇ ಸಾರುವ ಪದ್ಧತಿ ಬಂತು. ನಮ್ಮಲ್ಲಿಯೂ ಕುಂಬಳೆಯ ಘಟನೆಯ ಬಳಿಕ ಮಂಗಳೂರಿನ ಮೀನುಗಾರಿಕಾ ಕಾಲೇಜಿನವರು ಶೋಧ ನಡೆಸಿದರು. ಅವರ ವರದಿ 1984ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. ಮೆಚ್ಚತಕ್ಕ ಕೆಲಸ. ಅದು ಇಂಗ್ಲಿಷಿನಲ್ಲಿತ್ತು. ಬುಟ್ಟಿ ಹೊತ್ತು ಮರುವಾಯಿ ಮಾರುವ ಹೆಂಗಸು ತುಳುವಿನಲ್ಲಿ ಕೂಗುತ್ತಾಳೆ, ಮಲಯಾಳದಲ್ಲಿ ಚೌಕಾಸಿ ಮಾಡುತ್ತಾಳೆ, ಕನ್ನಡದಲ್ಲಿ ಲೆಕ್ಕ ಹೇಳುತ್ತಾಳೆ. ಈ ಮೂರರಲ್ಲಿ ಒಂದರಲ್ಲಾದರೂ, “ಈ ವಾರ ಅಳಿವೆಗೆ ಇಳಿಯಬೇಡಿ” ಎಂಬ ಮಾತು ಅವಳ ಕಿವಿಗೆ ಬೀಳದ ಹೊರತು ಆ ಶೋಧ ಕಪಾಟಿನ ಒಳಗಿನದೇ.

ಬಯಲುಸೀಮೆಯ ನಾವು ಇದನ್ನು ಕರಾವಳಿಯವರ ಪಾಡೆಂದು ಬಿಡುವಂತಿಲ್ಲ. ಮಂಜುಗಡ್ಡೆಯಲ್ಲಿ ಹೂತ ಕಡಲ ಸರಕು ಘಟ್ಟ ಹತ್ತಿ ಬರುತ್ತದೆ. ಮಂಜು ಈ ವಿಷವನ್ನು ಅಳಿಸುವುದಿಲ್ಲ. ಯಾವ ಅಳಿವೆಯದೆಂದು ಮಾರುವವನಿಗೆ ತಿಳಿದಿದ್ದರೆ ಕೊಳ್ಳಬಹುದು. ಉಂಡ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ತುಟಿ, ನಾಲಗೆ, ಬೆರಳ ತುದಿ ಜುಮುಗುಟ್ಟಿದರೆ ಪಿತ್ತವೆಂದು ಮಲಗಬಾರದು, ಆಸ್ಪತ್ರೆಗೆ ಹೋಗಬೇಕು. ಇದಕ್ಕೆ ಪ್ರತಿವಿಷವಿಲ್ಲ, ಆದರೆ ಉಸಿರಾಟ ನಿಲ್ಲದಂತೆ ಯಂತ್ರದ ಆಸರೆ ಕೊಟ್ಟರೆ ದೇಹವೇ ವಿಷವನ್ನು ಹೊರಹಾಕುತ್ತದೆ. ಒಂದು ದಿನವನ್ನು ದಾಟಿದವರು ಸಾಮಾನ್ಯವಾಗಿ ಉಳಿಯುತ್ತಾರೆ. ಹೋಗುವಾಗ ಪಾತ್ರೆಯಲ್ಲಿ ಉಳಿದದ್ದನ್ನೂ ಚಿಪ್ಪುಗಳನ್ನೂ ಒಂದು ಡಬ್ಬಿಯಲ್ಲಿ ಹಾಕಿ ಜೊತೆಗೆ ಒಯ್ಯಬೇಕು.