ಹಾರ್ಡ್ ಡಿಸ್ಕ್ ಶಬ್ದಗಳು

ಹಾರ್ಡ್ ಡಿಸ್ಕ್ ಶಬ್ದಗಳು ಎಂದರೆ ಮೇಜಿನ ಗಣಕಯಂತ್ರದ ದತ್ತಸಂಗ್ರಹ ಡ್ರೈವ್‌ಗಳು ಚಾಲನೆಯಲ್ಲಿರುವಾಗ ಹೊರಡಿಸುವ ಗುಂಯ್‌ಗುಟ್ಟುವಿಕೆ, ಟಿಕ್‌ಟಿಕ್, ಕೆರೆತ ಮುಂತಾದ ಸದ್ದುಗಳು. ಇವುಗಳಲ್ಲಿ ಕೆಲವು ಯಂತ್ರದ ಸಹಜ ಕಾರ್ಯಕ್ಕೆ ಸೇರಿದವು. ಕೆಲವು ಡ್ರೈವ್ ಕೆಡುತ್ತಿರುವುದರ ಲಕ್ಷಣಗಳು. ಅಪಾಯದ ಸದ್ದು ಕೇಳಿಸಿದ ಮೇಲೆ ಮಾಹಿತಿಯನ್ನು ನಕಲು ಮಾಡಿಕೊಳ್ಳಲು ಉಳಿಯುವ ಕಾಲ ಕೆಲವೊಮ್ಮೆ ಕೆಲವೇ ನಿಮಿಷಗಳಷ್ಟಿರುವುದರಿಂದ ಇವುಗಳ ವ್ಯತ್ಯಾಸ ತಿಳಿದಿರುವುದು ಅಗತ್ಯ.

ಸಹಜ ಶಬ್ದಗಳು

ಹಾರ್ಡ್ ಡಿಸ್ಕಿನೊಳಗೆ ಕಾಂತೀಯ ಲೇಪನವುಳ್ಳ ತಟ್ಟೆಗಳು ತಿರುಗುತ್ತಿರುತ್ತವೆ. ತೋಳೊಂದರ ತುದಿಯಲ್ಲಿರುವ ಹೆಡ್‌ಗಳು ತಟ್ಟೆಗೆ ತಾಗದೆ, ಕೆಲವೇ ನ್ಯಾನೋಮೀಟರ್ ಅಂತರದಲ್ಲಿ ತೇಲುತ್ತ ಓದು-ಬರಹ ನಡೆಸುತ್ತವೆ. ನಿಮಿಷಕ್ಕೆ 7200 ಸುತ್ತು ತಿರುಗುವ ಡ್ರೈವ್ ಸೆಕೆಂಡಿಗೆ 120 ಸುತ್ತು ಹಾಕುತ್ತದೆ. ಆದ್ದರಿಂದ ಅದರ ಮೂಲ ಕಂಪನ 120 ಹರ್ಟ್ಜ್. 5400 ಸುತ್ತಿನ ಡ್ರೈವಿನದು 90 ಹರ್ಟ್ಜ್. ಈ ಮಂದ್ರ ಗುಂಯ್‌ಕಾರ ಏರಿಳಿತವಿಲ್ಲದೆ ಸಮವಾಗಿದ್ದರೆ ಚಿಂತೆಯಿಲ್ಲ. ಕಡತ ತೆರೆಯುವಾಗ ಕೇಳುವ ಕ್ರಮವಿಲ್ಲದ ಕಿಟಿಕಿಟಿ ಸದ್ದು ತೋಳಿನ ಓಡಾಟದ್ದು. 1956ರ ಐಬಿಎಂ ರಾಮ್ಯಾಕ್ ವ್ಯವಸ್ಥೆಯಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳು ತಿರುಗುತ್ತಿದ್ದವು. ಅದರೊಂದಿಗೆ ಹೋಲಿಸಿದರೆ ಇಂದಿನ ಡ್ರೈವ್ ಬಹುತೇಕ ಮೌನಿ. 2000ರ ದಶಕದ ಆರಂಭದಲ್ಲಿ ಗುಂಡು ಬೇರಿಂಗ್‌ಗಳ ಬದಲು ದ್ರವ ಬೇರಿಂಗ್‌ಗಳು ಬಳಕೆಗೆ ಬಂದದ್ದು ಇದಕ್ಕೆ ಮುಖ್ಯ ಕಾರಣ.

ವಿದ್ಯುತ್ ಹಠಾತ್ತನೆ ಹೋದಾಗ ಕೇಳುವ ಒಂದೇ ಒಂದು ‘ಟಕ್’ ಸದ್ದು ಕೂಡ ದೋಷವಲ್ಲ. ತಿರುಗುತ್ತಿರುವ ತಟ್ಟೆಗಳಲ್ಲಿ ಉಳಿದ ಶಕ್ತಿಯಿಂದಲೇ ಡ್ರೈವ್ ತನ್ನ ಹೆಡ್‌ಗಳನ್ನು ಸುರಕ್ಷಿತ ಸ್ಥಾನಕ್ಕೆ ಸೆಳೆದುಕೊಳ್ಳುವ ಸದ್ದು ಅದು. ಆದರೆ ಇದು ಪದೇ ಪದೇ ನಡೆದರೆ ಸವೆತ ಹೆಚ್ಚುತ್ತದೆ. ಕರೆಂಟ್ ಹೋಗಿ ಬರುವ ಹಳ್ಳಿ-ಪಟ್ಟಣಗಳಲ್ಲಿ ಯುಪಿಎಸ್ ಇಲ್ಲದೆ ಗಣಕಯಂತ್ರ ನಡೆಸುವುದು ಈ ದೃಷ್ಟಿಯಿಂದ ಹಿತವಲ್ಲ.

ಅಸಹಜ ಶಬ್ದಗಳು

ಲಯಬದ್ಧವಾಗಿ ಮರುಕಳಿಸುವ ‘ಟಕ್‌... ಟಕ್‌... ಟಕ್‌’ ಸದ್ದು ಎಲ್ಲಕ್ಕಿಂತ ಕುಖ್ಯಾತವಾದುದು. ಹೆಡ್ ತನ್ನ ಸ್ಥಾನಸೂಚಕ ಗುರುತುಗಳನ್ನು ಓದಲಾಗದೆ ಮೊದಲಿಗೆ ಹಿಂದಿರುಗಿ ಮತ್ತೆ ಮತ್ತೆ ಯತ್ನಿಸುವುದರಿಂದ ಇದು ಹುಟ್ಟುತ್ತದೆ. 1990ರ ದಶಕದ ಕೊನೆಯಲ್ಲಿ ಐಯೋಮೆಗಾ ಸಂಸ್ಥೆಯ ಜಿಪ್ ಡ್ರೈವ್‌ಗಳಲ್ಲಿ ಕಂಡ ಇಂಥದೇ ದೋಷಕ್ಕೆ ‘ಕ್ಲಿಕ್ ಆಫ್ ಡೆತ್’ ಎಂಬ ಹೆಸರು ಬಿದ್ದು, ಮುಂದೆ ಅದು ಹಾರ್ಡ್ ಡಿಸ್ಕುಗಳಿಗೂ ಅಂಟಿಕೊಂಡಿತು. ಈ ಸದ್ದು ಕೇಳಿದೊಡನೆ ಡ್ರೈವ್ ಸತ್ತಿತೆಂದು ತೀರ್ಮಾನಿಸುವುದು ಆತುರವಾದೀತು. ತಿರುಗಲು ಆರಂಭಿಸುವ ಕ್ಷಣದಲ್ಲಿ ಮೋಟಾರು 12 ವೋಲ್ಟ್ ಮಾರ್ಗದಿಂದ ಹೆಚ್ಚು ವಿದ್ಯುತ್ತನ್ನು ಸೆಳೆಯುತ್ತದೆ. ಎಸ್‌ಎಂಪಿಎಸ್ ದುರ್ಬಲವಾಗಿದ್ದರೆ ಡ್ರೈವ್ ಅರ್ಧಕ್ಕೇ ನಿಂತು ಮತ್ತೆ ಆರಂಭಿಸುತ್ತ ಅದೇ ಬಗೆಯ ಸದ್ದು ಮಾಡುತ್ತದೆ. ಬೇರೆ ಎಸ್‌ಎಂಪಿಎಸ್ ಮತ್ತು ಬೇರೆ ಕೇಬಲ್ಲಿನಲ್ಲಿ ಒಮ್ಮೆ ಮಾತ್ರ ಪರೀಕ್ಷಿಸಿದರೆ ವ್ಯತ್ಯಾಸ ತಿಳಿಯುತ್ತದೆ.

ಲೋಹ ಕೆರೆಯುವ ಸದ್ದಿನ ವಿಷಯದಲ್ಲಿ ಅಂಥ ಪರೀಕ್ಷೆಗೂ ಎಡೆಯಿಲ್ಲ. ಹೆಡ್ ತಟ್ಟೆಯನ್ನು ಮುಟ್ಟುತ್ತಿದ್ದರೆ ಪ್ರತಿ ಸುತ್ತಿನಲ್ಲೂ ಲೇಪನ ಕಿತ್ತುಹೋಗುತ್ತಿರುತ್ತದೆ. ಕೂಡಲೇ ವಿದ್ಯುತ್ ಕಡಿತಗೊಳಿಸಬೇಕು. ಕ್ಷೀಣವಾದ ಬೀಪ್ ಅಥವಾ ಝೇಂಕಾರ ಬಂದು ತಟ್ಟೆ ತಿರುಗದಿದ್ದರೆ ಹೆಡ್ ತಟ್ಟೆಗೆ ಅಂಟಿರಬಹುದು ಇಲ್ಲವೇ ಬೇರಿಂಗ್ ಹಿಡಿದಿರಬಹುದು. ಸಮವಾಗಿದ್ದ ಗುಂಯ್‌ಕಾರ ವಾರಗಳುದ್ದಕ್ಕೂ ಕೀರಲಾಗುತ್ತ ಹೋಗುವುದು ಹಳೆಯ ಗುಂಡು ಬೇರಿಂಗ್‌ಗಳ ಸವೆತದ ಗುರುತು.

ಮೂಲದ ಪತ್ತೆ

ಡ್ರೈವಿನದೆಂದು ದೂರಲಾಗುವ ಸದ್ದು ಅನೇಕ ಸಲ ಫ್ಯಾನಿನದು. ರಾಯಚೂರು ನಗರ, ಕಲ್ಮಲ, ಮಾನ್ವಿ, ದೇವದುರ್ಗದ ಕಡೆ ಇದು ವಿಶೇಷವಾಗಿ ನೆನಪಿಡಬೇಕಾದ ಸಂಗತಿ. ಬೇಸಿಗೆಯಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಫ್ಯಾನುಗಳು ಪೂರ್ಣ ವೇಗದಲ್ಲಿ ತಿರುಗುತ್ತವೆ. ಎರೆಮಣ್ಣಿನ ಧೂಳು, ಹತ್ತಿಯ ನವಿರೆಳೆ, ಅಕ್ಕಿ ಗಿರಣಿಯ ತೌಡು ರೆಕ್ಕೆಗಳಿಗೆ ಮೆತ್ತಿಕೊಂಡು ಸಮತೋಲ ಕೆಡಿಸುತ್ತವೆ. ಸಂದೇಹವಿದ್ದಲ್ಲಿ ಯಂತ್ರವನ್ನು ಆರಿಸಿ, ಡ್ರೈವಿನ ವಿದ್ಯುತ್ ಕೇಬಲನ್ನು ತೆಗೆದು ಮತ್ತೆ ಚಾಲೂ ಮಾಡಬೇಕು. ಸದ್ದು ಹಾಗೆಯೇ ಉಳಿದರೆ ಡ್ರೈವ್ ನಿರಪರಾಧಿ. ಡ್ರೈವನ್ನು ಬಿಗಿದ ತಿರುಪು ಸಡಿಲಗೊಂಡು ಕ್ಯಾಬಿನೆಟ್ಟಿನ ತಗಡು ಅದುರುವುದೂ ಉಂಟು. ತಗಡನ್ನು ಕೈಯಿಂದ ಒತ್ತಿ ಹಿಡಿದರೆ ಆ ಸದ್ದು ನಿಲ್ಲುತ್ತದೆ. ಸಿಡಿ ಡ್ರೈವಿನ ಭೋರ್ಗರೆತಕ್ಕೆ ಸಾಮಾನ್ಯವಾಗಿ ಒಳಗಿರುವ ಸೊಟ್ಟ ಅಥವಾ ಬಿರುಕುಬಿಟ್ಟ ತಟ್ಟೆಯೇ ಕಾರಣ.

ಡ್ರೈವ್ ಇನ್ನೂ ಓದಿಸಿಕೊಳ್ಳುತ್ತಿದ್ದರೆ ಅದರ ‘ಸ್ಮಾರ್ಟ್’ ದಾಖಲೆಯನ್ನು ನೋಡಬಹುದು. ಬದಲಿಸಲಾದ ಸೆಕ್ಟರುಗಳನ್ನು ಎಣಿಸುವ 5ನೆಯ ಅಂಶ, ಓದಲಾಗದೆ ಬಾಕಿ ಉಳಿದವನ್ನು ಎಣಿಸುವ 197ನೆಯ ಅಂಶ, ತಿರುಗಲು ಮರುಯತ್ನಿಸಿದ್ದನ್ನು ಎಣಿಸುವ 10ನೆಯ ಅಂಶ ಇಲ್ಲಿ ಮುಖ್ಯ. ಈ ಎಣಿಕೆಗಳು ದಿನದಿಂದ ದಿನಕ್ಕೆ ಏರುತ್ತಿದ್ದರೆ ಸದ್ದಿನ ಸಂದೇಹ ದೃಢಪಡುತ್ತದೆ. ಎಲ್ಲವೂ ಸೊನ್ನೆಯಾಗಿದ್ದ ಮಾತ್ರಕ್ಕೆ ಡ್ರೈವ್ ಸುರಕ್ಷಿತವೆನ್ನಲಾಗದು.

ಮಾಹಿತಿಯ ರಕ್ಷಣೆ

ಕೆಡುತ್ತಿರುವ ಡ್ರೈವಿನ ಮೇಲೆ ಚೆಕ್ ಡಿಸ್ಕ್‌ನಂತಹ ದುರಸ್ತಿ ತಂತ್ರಾಂಶವನ್ನು ಓಡಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಅದು ಡ್ರೈವಿಗೆ ಶ್ರಮ ಹೆಚ್ಚಿಸುವುದಲ್ಲದೆ ಉಳಿದ ಮಾಹಿತಿಯನ್ನೂ ತಿದ್ದಿಬಿಡಬಹುದು. ಮೊದಲು ಅತಿ ಮುಖ್ಯ ಕಡತಗಳನ್ನು, ಬಳಿಕ ಇಡೀ ಡ್ರೈವನ್ನು ನಕಲು ಮಾಡಬೇಕು. ಗ್ನೂ ಡಿಡಿ-ರೆಸ್ಕ್ಯೂ ಎಂಬ ಮುಕ್ತ ತಂತ್ರಾಂಶವು ಚೆನ್ನಾಗಿರುವ ಭಾಗಗಳನ್ನು ಮೊದಲು ಓದಿ, ಕೆಟ್ಟ ಭಾಗಗಳನ್ನು ಕೊನೆಗೆ ಬಿಡುತ್ತದೆ. ಡ್ರೈವನ್ನು ಫ್ರಿಜ್ಜಿನಲ್ಲಿಡುವ ಜನಪ್ರಿಯ ಉಪಾಯದಿಂದ ಒಳಗೆ ತೇವ ಕಟ್ಟುತ್ತದೆ. ಮನೆಯಲ್ಲಿ ಮುಚ್ಚಳ ಬಿಚ್ಚುವುದಂತೂ ಕೂಡದು. ಹೆಡ್ಡಿನ ಅಂತರಕ್ಕೆ ಹೋಲಿಸಿದರೆ ಗಾಳಿಯ ಧೂಳಿನ ಕಣವೇ ಒಂದು ಬಂಡೆ.

ಹಳೆಯ ಡಿಟಿಪಿ ಅಂಗಡಿಗಳ ಡ್ರೈವ್‌ಗಳಿಂದ ಕಡತಗಳನ್ನು ಮರಳಿ ಪಡೆಯುವಾಗ ಕನ್ನಡ ಪಠ್ಯಕ್ಕೆ ಸಂಬಂಧಿಸಿದ ತೊಡಕೊಂದಿದೆ. ಯೂನಿಕೋಡ್ ಬಳಕೆ ಹರಡುವ ಮುನ್ನ ನುಡಿ, ಬರಹ, ಶ್ರೀಲಿಪಿ ಮುಂತಾದವುಗಳ ಫಾಂಟುಗಳಲ್ಲಿ ಅಚ್ಚುಹಾಕಿದ ಪಠ್ಯವು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರ ಹಾಗೂ ಚಿಹ್ನೆಗಳಾಗಿ ಕಾಣುತ್ತದೆ. ಇದನ್ನು ಡಿಸ್ಕ್ ಕೆಟ್ಟದ್ದರ ಫಲವೆಂದು ಭಾವಿಸಿ ಕಡತಗಳನ್ನು ಅಳಿಸಬಾರದು. ಅದೇ ಫಾಂಟನ್ನು ಸ್ಥಾಪಿಸಿದರೆ ಅಥವಾ ಯೂನಿಕೋಡ್ ಪರಿವರ್ತಕದಲ್ಲಿ ಹಾಯಿಸಿದರೆ ಲಗ್ನಪತ್ರಿಕೆಯಿಂದ ಪುಸ್ತಕದ ಹಸ್ತಪ್ರತಿಯವರೆಗೆ ಎಲ್ಲವೂ ಮತ್ತೆ ಕನ್ನಡವಾಗಿ ಓದಲು ದೊರೆಯುತ್ತದೆ.