ಅಳುವುದಕ್ಕೂ ಒಂದು ನೇಮ

ಮೊಹರಂ ತಿಂಗಳ ಹತ್ತನೆಯ ದಿನದ ಹಿಂದಿನ ರಾತ್ರಿಯನ್ನು ವಿಜಯಪುರ ಸೀಮೆಯಲ್ಲಿ ಖತಲ್ ರಾತ್ರಿ ಎನ್ನುತ್ತಾರೆ. ಆ ರಾತ್ರಿ ಹಳ್ಳಿ ಮಲಗುವುದಿಲ್ಲ. ಮಸೂತಿಯ ಮುಂದೆ ಅಲಾಯಿ ಕುಣಿಯಲ್ಲಿ ಬೆಂಕಿ ಉರಿಯುತ್ತಿರುತ್ತದೆ. ಪಂಜಾಗಳಿಗೆ ಸಕ್ಕರೆ ಓದಿಸಲು ಮನೆಮಂದಿ ಬಂದು ಹೋಗುತ್ತಾರೆ. ಹೆಜ್ಜೆ ಮೇಳದವರು ಗುಂಡಾಗಿ ನಿಂತು ರಿವಾಯತ ಪದ ಎತ್ತುತ್ತಾರೆ. ಹಾಡುವವರಲ್ಲಿ ಮುಸ್ಲಿಮರೂ ಇರುತ್ತಾರೆ, ಲಿಂಗಾಯತರೂ ಇರುತ್ತಾರೆ, ಕುರುಬರೂ ಇರುತ್ತಾರೆ. ಹಾಡಿನ ಮಾತು ಕನ್ನಡ, ಕತೆ ಅರಬಸ್ತಾನದ ಮರಳುಗಾಡಿನದು. ಹಾಡಿನಲ್ಲಿ ಹಸಿವೆ ನೀರಡಿಕೆಯಿಂದ ಕಂಗೆಟ್ಟ ಕೂಸಿನ ಪ್ರಸಂಗ ಬಂತೆಂದರೆ ಕುಳಿತ ಹೆಂಗಸರ ಸೆರಗು ಕಣ್ಣಿಗೆ ಹೋಗುತ್ತದೆ.

ಆ ಕೂಸು ಉಳಿಯುವುದಿಲ್ಲ ಎಂಬುದು ಕೇಳುವವರೆಲ್ಲರಿಗೂ ಗೊತ್ತು. ಹೋದ ವರ್ಷವೂ ಉಳಿದಿರಲಿಲ್ಲ, ಅಜ್ಜನ ಕಾಲದಲ್ಲಿಯೂ ಉಳಿದಿರಲಿಲ್ಲ. ಆದರೂ ಜನ ಬರುತ್ತಾರೆ, ಕೇಳುತ್ತಾರೆ, ಅಳುತ್ತಾರೆ. ಮನಸ್ಸನ್ನು ಕಲಕುವ ಕತೆಯನ್ನು ಮನುಷ್ಯ ತಾನಾಗಿಯೇ ಏಕೆ ಹುಡುಕಿಕೊಂಡು ಹೋಗುತ್ತಾನೆ? ಹಳೆಯ ಈ ಪ್ರಶ್ನೆಯನ್ನು ಈಚೆಗೆ ಹೊಸದಾಗಿ ಎಬ್ಬಿಸಿದ್ದು ಕಂಪ್ಯೂಟರಿನ ಒಂದು ಆಟ.

ಪರದೆಯ ಮೇಲಿನ ಕಾದಂಬರಿ

ಜಪಾನಿನಲ್ಲಿ 1980ರ ದಶಕದಿಂದ ಬೆಳೆದು ಬಂದ ಒಂದು ಬಗೆಯ ಆಟಕ್ಕೆ ‘ವಿಷುವಲ್ ನಾವೆಲ್’ ಎಂದು ಹೆಸರು. ಚಿತ್ರಕಾದಂಬರಿ ಎನ್ನಬಹುದು. ಇದರಲ್ಲಿ ಓಡುವುದಿಲ್ಲ, ಗುಂಡು ಹಾರಿಸುವುದಿಲ್ಲ. ಪರದೆಯ ಮೇಲೆ ಪಾತ್ರದ ಚಿತ್ರ ಮೂಡುತ್ತದೆ, ಕೆಳಗೆ ಅದರ ಮಾತು ಅಕ್ಷರವಾಗಿ ಬರುತ್ತದೆ. ಆಗಾಗ ಎರಡು ಮೂರು ದಾರಿಗಳನ್ನು ಮುಂದಿಟ್ಟು ಯಾವುದನ್ನು ಹಿಡಿಯುತ್ತೀರಿ ಎಂದು ಕೇಳಲಾಗುತ್ತದೆ. ಆಟಗಾರ ಹಿಡಿದ ದಾರಿಯಂತೆ ಕತೆ ಸಾಗುತ್ತದೆ. ಅಳಿಸುವುದನ್ನೇ ಗುರಿಯಾಗಿಟ್ಟುಕೊಂಡ ಆಟಗಳದ್ದೇ ಅಲ್ಲಿ ಒಂದು ಪ್ರಕಾರವಿದೆ. ‘ಕೀ’ ಎಂಬ ಸಂಸ್ಥೆ ಹೊರತಂದ ‘ಕಾನನ್’ (1999) ಮತ್ತು ‘ಕ್ಲಾನಡ್’ (2004) ಆ ಪ್ರಕಾರದಲ್ಲಿ ಹೆಸರು ಮಾಡಿದವು.

2017ರ ಸೆಪ್ಟೆಂಬರಿನಲ್ಲಿ ಅಮೆರಿಕದ ಟೀಮ್ ಸಾಲ್ವಾಟೊ ಎಂಬ ಚಿಕ್ಕ ತಂಡ ‘ಡೋಕಿ ಡೋಕಿ ಲಿಟರೇಚರ್ ಕ್ಲಬ್’ ಎಂಬ ಆಟವನ್ನು ಪುಕ್ಕಟೆಯಾಗಿ ಬಿಡುಗಡೆ ಮಾಡಿತು. ಕೆಲವೇ ತಿಂಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಅದನ್ನು ಇಳಿಸಿಕೊಂಡರು. ಮೇಲುನೋಟಕ್ಕೆ ಅದು ಶಾಲೆಯೊಂದರ ಸಾಹಿತ್ಯ ಸಂಘದ ಕತೆ. ನಾಲ್ವರು ಹುಡುಗಿಯರು, ಕವಿತೆಗಳ ಓದು, ತುಸು ತಮಾಷೆ. ಆದರೆ ಮೊದಲ ಪುಟದಲ್ಲಿಯೇ, ಇದು ಮಕ್ಕಳಿಗೆ ಮತ್ತು ಬೇಗ ಮನಸ್ಸು ಕದಡುವವರಿಗೆ ತಕ್ಕುದಲ್ಲ ಎಂಬ ಎಚ್ಚರಿಕೆ ಇದೆ. ಬಣ್ಣ ಬಣ್ಣದ ಚಿತ್ರ ನೋಡಿದವರು ಆ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳುವುದು ಕಷ್ಟ.

ಕತೆ ಅರ್ಧ ಸಾಗುವುದರೊಳಗೆ, ಸದಾ ನಗುತ್ತಿದ್ದ ಗೆಳತಿ ಸಯೋರಿ ಬಹಳ ಕಾಲದಿಂದ ಖಿನ್ನತೆಯಲ್ಲಿ ಬೇಯುತ್ತಿದ್ದಳೆಂದು ತಿಳಿಯುತ್ತದೆ. ಆಟಗಾರ ಯಾವ ಉತ್ತರ ಕೊಟ್ಟರೂ ಆಕೆ ತನ್ನ ಜೀವವನ್ನು ಕಳೆದುಕೊಳ್ಳುತ್ತಾಳೆ. ಇಂಥ ಆಟಗಳಲ್ಲಿ ಹಿಂದೆ ಕಾಯ್ದಿರಿಸಿದ ಹಂತಕ್ಕೆ ಮರಳಿ ಬೇರೆ ದಾರಿ ಹಿಡಿಯುವ ರೂಢಿ ಇದೆ. ಇಲ್ಲಿ ಹಾಗೆ ಮರಳಲು ಹೋದವರಿಗೆ ಬಾಗಿಲು ಮುಚ್ಚಿತ್ತು, ಕಾಯ್ದಿರಿಸಿದ ಹಂತಗಳನ್ನು ಆಟವೇ ಅಳಿಸಿ ಹಾಕಿತ್ತು. ಆಡಿದವರ ಪ್ರತಿಕ್ರಿಯೆ ಒಂದೇ ಬಗೆಯದಾಗಿರಲಿಲ್ಲ. ಕೆಲವರು ಅತ್ತರು, ಕೆಲವರು ಅಲ್ಲಿಗೇ ಆಟ ನಿಲ್ಲಿಸಿದರು. ಇನ್ನು ಕೆಲವರು ತಾವು ಯಾವ ಮಾತು ಆಡಿದ್ದರೆ ಆಕೆ ಉಳಿಯುತ್ತಿದ್ದಳೆಂದು ದಿನಗಟ್ಟಲೆ ಲೆಕ್ಕ ಹಾಕಿದರು. ಖಿನ್ನತೆಯನ್ನು ತಾವೇ ಉಂಡವರಲ್ಲಿ ಕೆಲವರಿಗೆ ತಮ್ಮ ನೋವನ್ನು ಯಾರೋ ಗುರುತಿಸಿದರೆಂಬ ಸಮಾಧಾನ. ಕೆಲವರಿಗೆ ಆರುತ್ತಿದ್ದ ಗಾಯವನ್ನು ಕೆದರಿದಂತೆ.

2018ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ಹುಡುಗನ ಸಾವಿನ ವಿಚಾರಣೆಯ ವೇಳೆ ಈ ಆಟದ ಹೆಸರು ಬಂತು. ಶಾಲೆಗಳು ಪಾಲಕರಿಗೆ ಎಚ್ಚರಿಕೆಯ ಪತ್ರ ಕಳಿಸಿದವು. ಕತೆಯೊಂದು ಅಷ್ಟು ದೂರ ಮುಟ್ಟಬಲ್ಲುದೇ ಎಂಬ ವಾದ ಎದ್ದಿತು.

ನೀಲಿ ಕೋಟಿನ ತರುಣರು

ಆ ವಾದವೂ ಹೊಸದಲ್ಲ. ಜರ್ಮನಿಯ ಗಯಟೆ 1774ರಲ್ಲಿ ‘ತರುಣ ವರ್ಥರನ ವ್ಯಥೆಗಳು’ ಎಂಬ ಕಾದಂಬರಿ ಪ್ರಕಟಿಸಿದ. ಒಲಿದ ಹೆಣ್ಣು ದಕ್ಕದೆ ವರ್ಥರ್ ಜೀವ ಕಳೆದುಕೊಳ್ಳುತ್ತಾನೆ. ಯುರೋಪಿನ ತರುಣರು ಅವನಂತೆ ನೀಲಿ ಕೋಟು, ಹಳದಿ ಒಳಅಂಗಿ ತೊಟ್ಟು ತಿರುಗಿದರು. ಕೆಲವರು ಅವನ ದಾರಿಯನ್ನೇ ಹಿಡಿದರೆಂಬ ಸುದ್ದಿ ಹಬ್ಬಿತು. 1775ರಲ್ಲಿ ಲೈಪ್‌ಜಿಗ್ ನಗರ ಪುಸ್ತಕವನ್ನು ನಿಷೇಧಿಸಿತು. ವರ್ಥರನ ಉಡುಪಿಗೂ ಅಲ್ಲಿ ತಡೆ ಬಂತು. ಅದೇ ವರ್ಷದ ಮರುಮುದ್ರಣಕ್ಕೆ ಗಯಟೆ ತಾನೇ ಒಂದು ಸಣ್ಣ ಪದ್ಯ ಸೇರಿಸಿ, ನಾಯಕನ ಬಾಯಿಂದ ‘ನನ್ನ ಹಿಂದೆ ಬರಬೇಡ’ ಎಂಬ ಅರ್ಥದ ಮಾತು ಹೇಳಿಸಿದ. 2017ರ ಆಟದ ಮೊದಲ ಪುಟದ ಎಚ್ಚರಿಕೆಗೆ ಅದು ಹಿರಿಯಣ್ಣ. ಮುಂದೆ 1974ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್, ಆತ್ಮಹತ್ಯೆಯ ಸುದ್ದಿಯನ್ನು ಪತ್ರಿಕೆಗಳು ದೊಡ್ಡದಾಗಿ ಅಚ್ಚು ಹಾಕಿದ ಮೇಲೆ ಅಂಥ ಸಾವುಗಳು ಹೆಚ್ಚುವುದನ್ನು ಅಂಕಿಸಂಖ್ಯೆಯಿಂದ ತೋರಿಸಿ, ಅದಕ್ಕೆ ವರ್ಥರನ ಹೆಸರನ್ನೇ ಇಟ್ಟ.

ಎದೆಯೊಳಗಿನ ಚಿತ್ರ

ಚಿತ್ರ ಮತ್ತು ಅಕ್ಷರವನ್ನು ಜೋಡಿಸಿ ಪ್ರೇಮದ ನೋವನ್ನು ಹೇಳುವ ಕೆಲಸ ವಿಜಯಪುರಕ್ಕೆ ಅಪರಿಚಿತವಲ್ಲ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ (1580–1627) ಆಳುತ್ತಿದ್ದಾಗ, 1590ರ ಸುಮಾರಿಗೆ, ಹಸನ್ ಮಂಜು ಖಲ್ಜಿ ಎಂಬ ಕವಿ ದಖನಿ ಭಾಷೆಯಲ್ಲಿ ‘ಪೇಮ್ ನೇಮ್’ ಎಂಬ ಕಾವ್ಯ ಬರೆದ. ಪ್ರೇಮದ ನೇಮ ಎಂದು ಅದರ ಅರ್ಥ; ಎರಡು ಪದವೂ ಕನ್ನಡಿಗನ ಕಿವಿಗೆ ಹತ್ತಿರದವೇ. ಅದರ ಹಸ್ತಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿ 34 ಚಿತ್ರಗಳಿವೆ.

ಕತೆಯ ನಾಯಕ ಶಾಹಜಿಯ ಎದೆಯಲ್ಲಿ ಅವನ ಪ್ರೇಯಸಿ ಮಾಹಜಿಯ ರೂಪ ನೆಲೆಸಿರುತ್ತದೆ. ಚಿತ್ರಗಾರರು ಇದನ್ನು ಅಕ್ಷರಶಃ ತೆಗೆದುಕೊಂಡು, ಅವನು ಎಲ್ಲಿ ಹೋದರೂ ಅವನ ಎದೆಯ ಮೇಲೆ ಆಕೆಯ ಚಿಕ್ಕ ಚಿತ್ರವನ್ನು ಬರೆದಿದ್ದಾರೆ. ಕೊನೆಗೆ ನಿಜವಾದ ಮಾಹಜಿಯೇ ಎದುರು ಬಂದಾಗ ಅವನು ಗುರುತಿಸುವುದಿಲ್ಲ. ತನ್ನ ಎದೆಯೊಳಗಿನ ರೂಪದ ನೆರಳು ಇದು ಎಂದು ಬಗೆದು ಹೊರಟುಹೋಗುತ್ತಾನೆ. ಆಕೆಯ ವಿರಹದ ದಿನಗಳು ಅಲ್ಲಿಂದ ಶುರುವಾಗುತ್ತವೆ. ತಪ್ಪು ತಿಳಿದು ಅವನು ಮರಳಿದ ಮೇಲೆಯೇ ಕತೆಗೆ ಮಂಗಳ.

ಸೂಫಿಗಳಿಗೆ ಇದು ಜೀವ–ದೇವರ ಸಂಬಂಧದ ರೂಪಕವಾಗಿ ಕಂಡೀತು. ಆದರೆ ಪರದೆಯ ಮೇಲಿನ ಹುಡುಗಿಗಾಗಿ ಅತ್ತವನನ್ನು ನೆನೆದಾಗ ಇದಕ್ಕೆ ಇನ್ನೊಂದು ಅರ್ಥವೂ ಹೊಳೆಯುತ್ತದೆ. ಚಿತ್ರವನ್ನು ಎದೆಯಲ್ಲಿಟ್ಟುಕೊಳ್ಳಬಹುದು, ಎದುರಿಗೆ ನಿಂತ ನಿಜವಾದ ಜೀವವನ್ನು ಅದೇ ಚಿತ್ರ ಮರೆಮಾಡಬಾರದು. ಸಯೋರಿಯ ನಗುವಿನ ಹಿಂದಿನ ನೋವಿಗೆ ಮರುಗಿದವನು ತನ್ನ ಪಕ್ಕದ ಬೆಂಚಿನ ಗೆಳೆಯನ ನಗುವನ್ನೂ ಒಮ್ಮೆ ತಿರುಗಿ ನೋಡಿದರೆ ಆಟ ಸಾರ್ಥಕ.

ಇದೇ ಇಬ್ರಾಹಿಂ ಒಂಬತ್ತು ರಸಗಳ ಹೆಸರಿನಲ್ಲಿ ‘ಕಿತಾಬೆ ನವರಸ’ ಬರೆದ, 1599ರಲ್ಲಿ ನಗರದ ಪಶ್ಚಿಮಕ್ಕೆ ತೊರವಿಯ ಬಳಿ ನವರಸಪುರವನ್ನು ಕಟ್ಟಲು ತೊಡಗಿದ. ಕುಮಾರ ವಾಲ್ಮೀಕಿಯ ತೊರವೆ ರಾಮಾಯಣಕ್ಕೆ ಹೆಸರು ಕೊಟ್ಟದ್ದೂ ಇದೇ ತೊರವಿ. ಕರುಣ ರಸ ಎಂದರೆ ರಾಮ ಸೀತೆಯರ ಕತೆ ಎಂದು ನಮ್ಮವರು ಬಹಳ ಹಿಂದೆಯೇ ಒಪ್ಪಿದ್ದರು. ಎಂಟನೆಯ ಶತಮಾನದ ಭವಭೂತಿ ತನ್ನ ‘ಉತ್ತರರಾಮಚರಿತ’ದ ಮೊದಲ ಅಂಕದಲ್ಲಿಯೇ ಒಂದು ಸೊಗಸಾದ ಸನ್ನಿವೇಶ ಇಟ್ಟಿದ್ದಾನೆ. ವನವಾಸ ಮುಗಿದು ಅರಮನೆಗೆ ಬಂದ ರಾಮ ಸೀತೆಯರಿಗೆ ಲಕ್ಷ್ಮಣ ಅವರ ಬಾಳಿನ ಚಿತ್ರಗಳನ್ನೇ ತೋರಿಸುತ್ತಾನೆ. ಶೂರ್ಪನಖಿಯ ಚಿತ್ರ ಬಂದಾಗ ಸೀತೆ ಹೆದರುತ್ತಾಳೆ. ಇದು ಬರಿ ಚಿತ್ರ ಎಂದು ರಾಮ ಧೈರ್ಯ ಹೇಳುತ್ತಾನೆ. ಮುಂದೆ ಸೀತೆಯನ್ನು ಕಳೆದುಕೊಂಡ ದಿನಗಳ ಚಿತ್ರ ಬಂದಾಗ ಧೈರ್ಯ ಹೇಳಿದ ರಾಮನೇ ಕಣ್ಣೀರಾಗುತ್ತಾನೆ. ಚಿತ್ರವೆಂದು ಗೊತ್ತಿರುವುದರಿಂದ ನೋವು ನಿಲ್ಲುವುದಿಲ್ಲ ಎಂಬುದನ್ನು ಕವಿ ಒಂದು ದೃಶ್ಯದಲ್ಲಿ ಹೇಳಿ ಮುಗಿಸಿದ.

ಹಾಗಾದರೆ ಆ ನೋವು ಹಿತವೇಕೆ? ನೋಡುವವನಲ್ಲಿ ಏಳುವ ಶೋಕ ‘ನನ್ನದು’ ಎಂದಾಗಲೀ ‘ಅವನದು’ ಎಂದಾಗಲೀ ಹೆಸರು ಹಚ್ಚಿಕೊಳ್ಳದೆ ಎಲ್ಲರದೂ ಆಗುತ್ತದೆ ಎಂದು ನಮ್ಮ ಕಾವ್ಯಮೀಮಾಂಸಕರು ಉತ್ತರ ಕೊಟ್ಟರು. ಭಟ್ಟನಾಯಕ, ಅಭಿನವಗುಪ್ತರು ಇದನ್ನು ಸಾಧಾರಣೀಕರಣ ಎಂದರು. ಚಿತ್ರಕಾದಂಬರಿಯ ಆಟ ಕೆಣಕುವುದು ಸರಿಯಾಗಿ ಈ ಜಾಗವನ್ನೇ. ಅದು ನೋಡುವವನ ಕೈಗೆ ಗುಂಡಿ ಕೊಟ್ಟು, ಈ ಮಾತನ್ನು ಆಡಿದವನು ನೀನೇ ಎನ್ನುತ್ತದೆ. ಎಲ್ಲರದೂ ಆಗಬೇಕಿದ್ದ ಶೋಕ ಒಬ್ಬನ ತಪ್ಪಾಗಿ ಅವನ ತಲೆಯ ಮೇಲೆ ಕೂರುತ್ತದೆ. ನಾಟಕ ನೋಡಿದವನು ಮರುಗುತ್ತಾನೆ, ಆಟ ಆಡಿದವನು ಹಳಹಳಿಸುತ್ತಾನೆ.

ಕರ್ಬಲಾದ ನೀರಡಿಕೆ

ಮೊಹರಂ ರಾತ್ರಿಯಲ್ಲಿಯೂ ಬರಿ ಪ್ರೇಕ್ಷಕರು ಕಡಿಮೆ. ಹರಕೆ ಹೊತ್ತವರು ಕೊರಳಿಗೆ ಲಾಡಿ ಹಾಕಿಕೊಂಡು ಫಕೀರರಾಗಿರುತ್ತಾರೆ, ಕೆಲವರು ಹುಲಿವೇಷ ಹಾಕಿರುತ್ತಾರೆ, ಕೆಲವರು ಕೆಂಡ ಹಾಯುತ್ತಾರೆ. ಅವರೆಲ್ಲ ಕತೆಯ ಒಳಗೇ ಇರುವವರು. ಈ ಕತೆ ನಡೆದದ್ದು ಕ್ರಿ.ಶ. 680ರಲ್ಲಿ. ಪ್ರವಾದಿಯವರ ಮೊಮ್ಮಗ ಹುಸೇನರು ಸುಮಾರು 72 ಜನ ಸಂಗಾತಿಗಳೊಡನೆ ಯಜೀದನ ಸೈನ್ಯದ ಎದುರು ಕರ್ಬಲಾದಲ್ಲಿ ಪ್ರಾಣ ಕೊಟ್ಟರು. ಯೂಫ್ರೆಟಿಸ್ ಹೊಳೆ ಹತ್ತಿರದಲ್ಲಿಯೇ ಹರಿಯುತ್ತಿದ್ದರೂ ಅವರಿಗೆ ನೀರು ಸಿಗದಂತೆ ತಡೆಯಲಾಗಿತ್ತು. ನೀರು ತರಲು ಹೋದ ತಮ್ಮ ಅಬ್ಬಾಸರು ಮರಳಲಿಲ್ಲ.

ಈ ಶೋಕದ ಹಾಡು ವಿಜಯಪುರಕ್ಕೆ ಬಂದದ್ದು ಅರಮನೆಯ ದಾರಿಯಿಂದ. ಆದಿಲ್‌ಶಾಹಿ ಮನೆತನವನ್ನು ಸ್ಥಾಪಿಸಿದ ಯೂಸುಫ್ ಶಿಯಾ ಪಂಥದವನು. ನಡುವೆ ಪಂಥ ಬದಲಾದ ಸುಲ್ತಾನರೂ ಇದ್ದರು. ಎರಡನೆಯ ಅಲಿ ಆದಿಲ್‌ಶಾಹನ ಕಾಲದಲ್ಲಿ (1656–1672) ಮಿರ್ಜಾ ಎಂಬ ಕವಿ ದಖನಿಯಲ್ಲಿ ಮರಸಿಯಾ, ಅಂದರೆ ಕರ್ಬಲಾದ ಶೋಕಗೀತೆಗಳಿಂದಲೇ ಹೆಸರಾದ. 1686ರಲ್ಲಿ ಔರಂಗಜೇಬ ನಗರವನ್ನು ಗೆದ್ದ, ಅರಮನೆಯ ದೀಪ ಆರಿತು. ಶೋಕಗೀತೆ ಮಾತ್ರ ಆರಲಿಲ್ಲ. ಅದು ಹಳ್ಳಿ ಸೇರಿ ಕನ್ನಡ ಕಲಿಯಿತು, ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕಿತು.

ತಿಕೋಟಾ, ಬಬಲೇಶ್ವರದ ಸೀಮೆಯಲ್ಲಿ ನೀರಡಿಕೆಯ ಕತೆಗೆ ಯಾರೂ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಈ ಎರಡೂ ಊರುಗಳು ತಾಲೂಕಾದದ್ದು ಈಚೆಗೆ. ಬರದ ನೆನಪು ಅದಕ್ಕಿಂತ ಬಹಳ ಹಳೆಯದು. ಈ ಭಾಗ ಆಗ ಸೇರಿದ್ದ ಕಲಾದಗಿ ಜಿಲ್ಲೆ 1876–78ರ ಮಹಾಕ್ಷಾಮದಲ್ಲಿ ಸುಟ್ಟು ಹೋಯಿತು. ದನ ಸತ್ತವು, ಊರು ಖಾಲಿಯಾದವು. ಕೊಡ ಹೊತ್ತು ಹರದಾರಿ ನಡೆದ ಹೆಣ್ಣುಮಗಳಿಗೆ ಹೊಳೆಯ ಪಕ್ಕದಲ್ಲಿಯೇ ನೀರಿಲ್ಲದೆ ಸತ್ತ ಕೂಸಿನ ಕತೆ ಪರದೇಶದ ಕತೆಯಾಗಿ ಕೇಳಿಸಿರಲಾರದು. ಅಳು ಕರ್ಬಲಾಕ್ಕಾಗಿ ಶುರುವಾದರೂ ಅದರೊಳಗೆ ಅವರವರ ಮನೆಯ ಸಾವು, ಅವರವರ ಹೊಲದ ಬರ ಸೇರಿಕೊಳ್ಳಲು ಜಾಗವಿತ್ತು.

ಮುಗಿಯುವ ಬಗೆ

ಇಷ್ಟು ದೊಡ್ಡ ದುಃಖವನ್ನು ವರ್ಷ ವರ್ಷ ಎಬ್ಬಿಸಿಯೂ ಊರು ಕುಸಿಯದಿರುವುದಕ್ಕೆ ಕಾರಣ, ಅಲ್ಲಿ ಅಳುವುದಕ್ಕೂ ಒಂದು ನೇಮವಿದೆ. ಅದಕ್ಕೆ ತಿಥಿ ಇದೆ: ಹತ್ತು ದಿನ. ಜಾಗ ಇದೆ: ಮಸೂತಿಯ ಮುಂದಿನ ಬಯಲು. ಜೊತೆಗೆ ಜನ ಇದ್ದಾರೆ. ಒಬ್ಬಳು ಬಿಕ್ಕಿದರೆ ಪಕ್ಕದವಳು ಬೆನ್ನು ಸವರುತ್ತಾಳೆ. ಮುಖ್ಯವಾಗಿ, ಅದಕ್ಕೆ ಕೊನೆ ಇದೆ. ಹತ್ತನೆಯ ದಿನ ಪಂಜಾಗಳು ಹೊಳೆಗೋ ಬಾವಿಗೋ ಹೋಗುತ್ತವೆ, ವಿದಾಯದ ಪದ ಹಾಡಿ ದೇವರನ್ನು ಕಳಿಸಿಕೊಟ್ಟು ಜನ ಮನೆಗೆ ಮರಳುತ್ತಾರೆ, ಅಲಾಯಿ ಕುಣಿ ಮುಚ್ಚುತ್ತದೆ. ಲಾಡಿ ಬಿಚ್ಚಿದ ಫಕೀರ ಮರುದಿನ ಹೊಲಕ್ಕೆ ಹೋಗುತ್ತಾನೆ. ರಾತ್ರಿಯಿಡೀ ಆಡಿದ ಬಯಲಾಟ ಬೆಳಗಿನಲ್ಲಿ ಮಂಗಳ ಹಾಡದೆ ಮುಗಿಯದಿರುವುದರ ಹಿಂದೆಯೂ ಇದೇ ತಿಳಿವಳಿಕೆ ಇದ್ದೀತು.

ಪರದೆಯ ಮೇಲಿನ ಆಟಕ್ಕೆ ಈ ಕಟ್ಟುಪಾಡು ಇಲ್ಲ. ಅದನ್ನು ಯಾವ ಹೊತ್ತಿನಲ್ಲಿಯೂ ತೆರೆಯಬಹುದು, ಬಹಳ ಸಲ ನಡುರಾತ್ರಿ, ಕಿವಿಗೆ ಹೆಡ್‌ಫೋನ್ ಹಚ್ಚಿಕೊಂಡು, ಒಬ್ಬನೇ. ವಿಜಯಪುರದ ಬಾಡಿಗೆ ಕೋಣೆಯಲ್ಲಿ ಓದಲು ಕುಳಿತ ಹುಡುಗನಿಗೂ ಅದು ಟೋಕಿಯೋದ ಹುಡುಗನಿಗೆ ಸಿಕ್ಕಷ್ಟೇ ಸಲೀಸಾಗಿ ಸಿಗುತ್ತದೆ. ಹಾಗೆಂದು ಆಟವನ್ನು ಬಯ್ದು ಪ್ರಯೋಜನವಿಲ್ಲ. ಲೈಪ್‌ಜಿಗ್ಗಿನವರು ನಿಷೇಧಿಸಿದರೂ ವರ್ಥರ್ ಇಂದಿಗೂ ಓದುಗರ ಕೈಯಲ್ಲಿದ್ದಾನೆ. ಕಲಕುವ ಕತೆಗಳು ಇರುತ್ತವೆ, ಇರಬೇಕು ಕೂಡ. ಅವು ಮನಸ್ಸನ್ನು ಮೆದುವಾಗಿಡುತ್ತವೆ. ತಪ್ಪಿಹೋಗಿರುವುದು ಕತೆ ಮುಗಿದ ಮೇಲೆ ಬೆನ್ನು ಸವರುವ ಕೈ ಮಾತ್ರ.

ಆ ಕೈ ಅಪ್ಪ ಅವ್ವನದಾಗಬಹುದು, ಗೆಳೆಯನದಾಗಬಹುದು, ಮಾಸ್ತರರದಾಗಬಹುದು. ಯಾವ ಆಟ, ಎಷ್ಟು ಹೊತ್ತು ಎಂಬ ತಕರಾರಿಗಿಂತ ಮೊದಲು, ಏನು ಕತೆ ಅದು, ನಿನಗೆ ಹೇಗೆ ಅನಿಸಿತು ಎಂದು ಕೇಳಿದರೆ ಅರ್ಧ ಭಾರ ಇಳಿಯುತ್ತದೆ. ಮನೆಯಲ್ಲಿ ಹೇಳಲಾಗದ ಭಾರವಿದ್ದರೆ ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಫೋನ್ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಖತಲ್ ರಾತ್ರಿ ಅತ್ತವರು ಬೆಳಗಾಗುತ್ತಲೇ ಚೋಂಗೆ ಹಂಚಿಕೊಂಡು ತಿನ್ನುತ್ತಾರೆ. ಅಳು ಸುಳ್ಳಾಗಿರಲಿಲ್ಲ, ಚೋಂಗೆಯ ಸಿಹಿಯೂ ಸುಳ್ಳಲ್ಲ. ಒಂದರಿಂದ ಇನ್ನೊಂದಕ್ಕೆ ದಾಟುವ ದಾರಿಯನ್ನು ಊರು ನಾಲ್ಕು ಶತಮಾನ ತುಳಿದು ಸವೆಸಿದೆ.